ಒರೆಸುವ ಮುನ್ನ ನೋಡಿ: ಸಣ್ಣ ಎಂಜಿನ್ನಿನಲ್ಲಿ ಕೆಟ್ಟ ಸ್ಪಾರ್ಕ್ ಪ್ಲಗ್ ಪತ್ತೆ ಮಾಡುವ ಬಗೆ

ಹಗ್ಗ ಎಳೆದೆಳೆದು ಭುಜ ಸೋತರೂ ಎಂಜಿನ್ ಒಮ್ಮೆ ಕೆಮ್ಮಿ ಸುಮ್ಮನಾಗುತ್ತದೆ. ಇಲ್ಲವೇ ಹೇಗೋ ಹೊತ್ತಿಕೊಳ್ಳುತ್ತದೆ, ವೇಗ ಹೆಚ್ಚಿಸಿದ ಕೂಡಲೇ ಮುಗ್ಗರಿಸುತ್ತದೆ, ನಡುನಡುವೆ ಏಟು ತಪ್ಪಿದಂತೆ ಸದ್ದು ಮಾಡುತ್ತದೆ, ಹೊಗೆ ಕಪ್ಪಾಗುತ್ತದೆ. ಇಂಥ ಹೊತ್ತಿನಲ್ಲಿ ಯಾರ ಕೈಯಾದರೂ ಮೊದಲು ಹೋಗುವುದು ಸಿಲಿಂಡರಿನೊಳಗೆ ಕಿಡಿ ಹಾರಿಸುವ ಸ್ಪಾರ್ಕ್ ಪ್ಲಗ್ ಕಡೆಗೆ. ಅದು ಸರಿಯೇ. ಎಡವಟ್ಟಾಗುವುದು ಅದರ ಮುಂದಿನ ಹೆಜ್ಜೆಯಲ್ಲಿ. ಪ್ಲಗ್ ಬಿಚ್ಚಿದೊಡನೆ ಕೈಗೆ ಸಿಕ್ಕ ಬಟ್ಟೆಯಲ್ಲಿ ಒರೆಸಿ, ಉಪ್ಪುಕಾಗದದಲ್ಲಿ ನಾಲ್ಕು ಸಲ ಉಜ್ಜಿ, ಮತ್ತೆ ಹಾಕಿಬಿಡುತ್ತಾರೆ. ಎಂಜಿನ್ ಹೊತ್ತಿಕೊಂಡರೆ ಕೆಲಸ ಮುಗಿಯಿತೆಂದು ಲೆಕ್ಕ. ಕೆಲವೇ ದಿನಗಳಲ್ಲಿ ಮತ್ತೆ ಅದೇ ರಗಳೆ.

ಪ್ಲಗ್ಗಿನ ತುದಿಯಲ್ಲಿ ಕೂತಿರುವ ಮಸಿಯಾಗಲಿ, ಎಣ್ಣೆಯಾಗಲಿ, ಬೂದಿಯಾಗಲಿ ಎಂಜಿನ್ನಿನ ಬೇರೆ ಯಾವುದೋ ಭಾಗದಿಂದ ಬಂದದ್ದು. ಎಲ್ಲಿಂದ ಬಂತು ಎನ್ನುವುದನ್ನು ಅದರ ಬಣ್ಣ, ಹಸಿ, ವಾಸನೆ ಹೇಳುತ್ತವೆ. ಒರೆಸಿದರೆ ಆ ಸುಳಿವೂ ಬಟ್ಟೆಗೆ ಹೋಗುತ್ತದೆ. ಆದ್ದರಿಂದ ಇಲ್ಲಿನ ಕ್ರಮ ಹೀಗಿದೆ: ಮೊದಲು ನೋಡುವುದು, ಆಮೇಲೆ ಪರೀಕ್ಷಿಸುವುದು, ಕಾರಣ ಹುಡುಕುವುದು, ಕೊನೆಗೆ ಸ್ವಚ್ಛ ಮಾಡುವುದು ಅಥವಾ ಬದಲಿಸುವುದು. ಹುಲ್ಲು ಕತ್ತರಿಸುವ ಯಂತ್ರ, ಬ್ರಷ್ ಕಟರ್, ಚೈನ್ ಸಾ, ಸ್ಪ್ರೇಯರ್, ನೀರೆತ್ತುವ ಪಂಪ್, ಜನರೇಟರ್ ಹೀಗೆ ಒಂದೇ ಸಿಲಿಂಡರಿನ ಪೆಟ್ರೋಲ್ ಎಂಜಿನ್‌ಗಳಿಗೆಲ್ಲ ಇದು ಅನ್ವಯಿಸುತ್ತದೆ, ಟು-ಸ್ಟ್ರೋಕ್ (ಪೆಟ್ರೋಲಿಗೇ ಎಣ್ಣೆ ಬೆರೆಸುವಂಥದ್ದು) ಆಗಲಿ ಫೋರ್-ಸ್ಟ್ರೋಕ್ (ಎಣ್ಣೆ ಬೇರೆಯಾಗಿ ತುಂಬುವಂಥದ್ದು) ಆಗಲಿ.

ಬಿಚ್ಚುವ ಮುನ್ನ

ಟ್ಯಾಂಕಿನಲ್ಲಿ ಪೆಟ್ರೋಲ್ ಇದೆಯೇ, ಅದು ತಿಂಗಳುಗಟ್ಟಲೆ ಹಳೆಯದೇ, ಪೆಟ್ರೋಲ್ ಕಾಕ್ ತೆರೆದಿದೆಯೇ, ಸ್ವಿಚ್ ಆನ್ ಇದೆಯೇ, ಚೋಕ್ (ಒಳಬರುವ ಗಾಳಿ ತಗ್ಗಿಸುವ ತಟ್ಟೆ) ಯಾವ ಸ್ಥಾನದಲ್ಲಿದೆ ಎಂದು ಒಮ್ಮೆ ಕಣ್ಣು ಹಾಯಿಸಿ. ಕೆಲವು ಫೋರ್-ಸ್ಟ್ರೋಕ್ ಎಂಜಿನ್‌ಗಳಲ್ಲಿ ಆಯಿಲ್ ಮಟ್ಟ ಕಾಯುವ ಸೆನ್ಸರ್ ಇರುತ್ತದೆ. ಆಯಿಲ್ ಕಡಿಮೆಯಾದರೆ ಅದು ಕಿಡಿಯನ್ನೇ ತಡೆಯುತ್ತದೆ. ಆಗ ಎಷ್ಟು ಹೊಸ ಪ್ಲಗ್ ಹಾಕಿದರೂ ಎಂಜಿನ್ ಮಿಸುಕುವುದಿಲ್ಲ. ಡಿಪ್‌ಸ್ಟಿಕ್ (ಆಯಿಲ್ ಮಟ್ಟ ಅಳೆಯುವ ಕಡ್ಡಿ) ನೋಡಲು ಅರ್ಧ ನಿಮಿಷ ಸಾಕು.

ಬೇಕಾಗುವ ಸಾಮಾನು ಹೆಚ್ಚೇನಿಲ್ಲ. ಅಳತೆಗೆ ಸರಿಯಾದ ಪ್ಲಗ್ ಸ್ಪ್ಯಾನರ್, ಫೀಲರ್ ಗೇಜ್ (ಸಣ್ಣ ಅಂತರ ಅಳೆಯುವ ತೆಳು ಎಲೆಗಳು), ಸಣ್ಣ ಟಾರ್ಚ್, ಒಂದು ಹಾಳೆ ಬಿಳಿ ಕಾಗದ, ಸಾಧ್ಯವಾದರೆ ಮಲ್ಟಿಮೀಟರ್. ಇವೆಲ್ಲಕ್ಕಿಂತ ಮುಖ್ಯವಾದದ್ದು ಅದೇ ನಂಬರಿನ ಒಂದು ಹೊಸ ಪ್ಲಗ್. ಅದು ಕೈಯಲ್ಲಿದ್ದರೆ ಅರ್ಧ ಪತ್ತೆದಾರಿ ಕೆಲಸ ತಾನಾಗಿಯೇ ಮುಗಿಯುತ್ತದೆ.

ಬಿಚ್ಚುವುದು

ಎಂಜಿನ್ ಪೂರ್ತಿ ತಣ್ಣಗಾಗಲಿ. ಸಣ್ಣ ಎಂಜಿನ್‌ಗಳ ಸಿಲಿಂಡರ್ ಹೆಡ್ ಸಾಮಾನ್ಯವಾಗಿ ಅಲ್ಯೂಮಿನಿಯಂನದು, ಪ್ಲಗ್ಗಿನ ಮೈ ಉಕ್ಕಿನದು. ಬಿಸಿಯಿದ್ದಾಗ ಬಲವಂತವಾಗಿ ತಿರುಗಿಸಿದರೆ ಹೆಡ್ಡಿನ ಥ್ರೆಡ್ ಕಿತ್ತು ಬರಬಹುದು. ಹಾಗಾದರೆ ಪ್ಲಗ್ಗಿನ ಸಣ್ಣ ತೊಂದರೆ ಹೆಡ್ಡಿನ ದೊಡ್ಡ ತೊಂದರೆಯಾಗುತ್ತದೆ.

ವೈರಿನ ತುದಿಯಲ್ಲಿ ಪ್ಲಗ್ಗಿನ ಮೇಲೆ ಕೂತಿರುವ ಕ್ಯಾಪನ್ನು ಸ್ವಲ್ಪ ತಿರುಚಿ ಎಳೆಯಿರಿ. ವೈರ್ ಹಿಡಿದು ಜಗ್ಗಬೇಡಿ. ಕ್ಯಾಪ್ ಕೈಗೆ ಬಂದಾಗ ಅದರೊಳಗೂ ಟಾರ್ಚ್ ಬಿಟ್ಟು ನೋಡಿ. ಒಳಗಿನ ಸ್ಪ್ರಿಂಗ್ ಸಡಿಲವಾಗಿದ್ದರೆ, ತುಕ್ಕು ಅಥವಾ ಹಸಿರು ಕಿಲುಬು ಕಾಣಿಸಿದರೆ, ರಬ್ಬರ್ ಬಿರಿದಿದ್ದರೆ ತೊಂದರೆ ಅಲ್ಲಿಯೇ ಇರಬಹುದು. ಕಳಚಿದ ಕ್ಯಾಪ್ ಪ್ಲಗ್ಗಿನಿಂದ ದೂರ ಇರಲಿ, ತಿರುಗುವ ಬ್ಲೇಡ್ ಇರುವ ಯಂತ್ರಗಳಲ್ಲಂತೂ ಇದನ್ನು ಮರೆಯಲೇಬಾರದು.

ಪ್ಲಗ್ಗಿನ ಬುಡದ ಸುತ್ತ ಕೂತ ಧೂಳು, ಹುಲ್ಲಿನ ಪುಡಿ, ಎಣ್ಣೆ ಮೆತ್ತಿದ ಕೊಳೆಯನ್ನು ಬ್ರಷ್‌ನಿಂದ ತೆಗೆದು ಊದಿ. ಇಲ್ಲದಿದ್ದರೆ ಪ್ಲಗ್ ಹೊರಬರುವಾಗ ಅದೆಲ್ಲ ಸಿಲಿಂಡರಿಗೆ ಬೀಳುತ್ತದೆ. ಸ್ಪ್ಯಾನರನ್ನು ನೇರವಾಗಿ ಕೂರಿಸಿ. ಓರೆಯಾಗಿ ಒತ್ತಿದರೆ ಬಿಳಿ ಪಿಂಗಾಣಿಯಲ್ಲಿ ಕೂದಲೆಳೆಯಂಥ ಬಿರುಕು ಮೂಡುತ್ತದೆ. ಆ ಬಿರುಕು ಕಣ್ಣಿಗೆ ಕಾಣುವುದು ಕಷ್ಟ, ಆದರೆ ಹೆಚ್ಚು ವೋಲ್ಟೇಜಿನ ವಿದ್ಯುತ್ತಿಗೆ ದಾರಿಯಾಗಲು ಅಷ್ಟು ಸಾಕು.

ಕಿಡಿ ಏಕೆ ಸಾಯುತ್ತದೆ

ಮುಂದಿನದೆಲ್ಲ ಅರ್ಥವಾಗಬೇಕಾದರೆ ಇಷ್ಟು ತಿಳಿದಿರಬೇಕು. ಪ್ಲಗ್ಗಿನ ನಡುವಿನ ಎಲೆಕ್ಟ್ರೋಡ್‌ಗೆ ಇಗ್ನಿಷನ್ ಕಾಯಿಲ್ ಸಾವಿರಾರು ವೋಲ್ಟ್ ಕಳುಹಿಸುತ್ತದೆ. ಆ ವಿದ್ಯುತ್ತು ಬಾಗಿದ ಪಕ್ಕದ ಎಲೆಕ್ಟ್ರೋಡ್‌ಗೆ ನೆಗೆಯಬೇಕು, ಆ ನೆಗೆತವೇ ಕಿಡಿ. ಬೇರೆ ಕಡೆ ಸೋರದಂತೆ ನಡುವಿನ ಎಲೆಕ್ಟ್ರೋಡ್ ಸುತ್ತ ಪಿಂಗಾಣಿಯ ಮೂತಿ ಇದೆ. ಮಸಿ ಎಂದರೆ ಇಂಗಾಲ, ಇಂಗಾಲದಲ್ಲಿ ವಿದ್ಯುತ್ತು ಹರಿಯುತ್ತದೆ. ಪಿಂಗಾಣಿಯ ಮೇಲೆ ಮಸಿಯ ಪದರ ಕೂತರೆ ವಿದ್ಯುತ್ತಿಗೆ ಗಾಳಿಯಲ್ಲಿ ನೆಗೆಯುವ ಕಷ್ಟವೇ ಬೇಡ, ಆ ಪದರದ ಮೇಲೆಯೇ ಹರಿದು ಲೋಹದ ಮೈಗೆ ಸೇರಿಬಿಡುತ್ತದೆ. ವೋಲ್ಟೇಜ್ ಏರುವ ಮೊದಲೇ ಸೋರಿಹೋಗುತ್ತದೆ.

ಹಾಗಾದರೆ ಎಲ್ಲ ಪ್ಲಗ್‌ಗಳೂ ದಿನಕ್ಕೊಮ್ಮೆ ಏಕೆ ಕೆಡುವುದಿಲ್ಲ? ಪಿಂಗಾಣಿಯ ಮೂತಿ ಸುಮಾರು 450 ಡಿಗ್ರಿ ಸೆಲ್ಸಿಯಸ್ ದಾಟಿದರೆ ಅದರ ಮೇಲಿನ ಇಂಗಾಲ ತಾನೇ ಉರಿದುಹೋಗುತ್ತದೆ. ಎಂಜಿನ್ ಹೊರೆ ಹೊತ್ತು ದುಡಿಯುವಾಗ ಈ ಬಿಸಿ ಸುಲಭವಾಗಿ ಸಿಗುತ್ತದೆ. ಬರೀ ಐಡ್ಲಿಂಗಿನಲ್ಲಿ (ಹೊರೆಯಿಲ್ಲದ ನಿಧಾನದ ಓಟದಲ್ಲಿ) ಬಿಟ್ಟರೆ, ಚೋಕ್ ಹಾಕಿ ಎರಡು ನಿಮಿಷ ಓಡಿಸಿ ನಿಲ್ಲಿಸಿದರೆ ಸಿಗುವುದಿಲ್ಲ. ಇನ್ನೊಂದು ತುದಿಯಲ್ಲಿ, ಮೂತಿ 850 ಡಿಗ್ರಿಯ ಆಸುಪಾಸಿಗೆ ಏರಿದರೆ ಅದೇ ಕೆಂಡವಾಗಿ, ಕಿಡಿಗೆ ಮೊದಲೇ ಪೆಟ್ರೋಲ್ ಆವಿಯನ್ನು ಹೊತ್ತಿಸಿಬಿಡುತ್ತದೆ, ಪಿಸ್ಟನ್ನಿಗೆ ಕುತ್ತು ಬರುತ್ತದೆ. ಪ್ಲಗ್ ಆರೋಗ್ಯವಾಗಿರುವುದು ಈ ಎರಡು ಗಡಿಗಳ ನಡುವೆ.

ಬಿಳಿ ಕಾಗದದ ಮೇಲಿಟ್ಟು ನೋಡುವುದು

ಬಿಚ್ಚಿದ ಪ್ಲಗ್ಗಿನ ತುದಿಯನ್ನು ಮುಟ್ಟದೆ ಬಿಳಿ ಕಾಗದದ ಮೇಲಿಡಿ. ಹಗಲ ಬೆಳಕಾದರೆ ಒಳ್ಳೆಯದು, ಹಳದಿ ಬಲ್ಬಿನ ಕೆಳಗೆ ಕಂದು ಯಾವುದು ಕಪ್ಪು ಯಾವುದು ಗೊತ್ತಾಗುವುದಿಲ್ಲ. ಮೊದಲು ಮೂಗಿನ ಹತ್ತಿರ ತನ್ನಿ. ಪೆಟ್ರೋಲ್ ವಾಸನೆಯೋ, ಸುಟ್ಟ ಎಣ್ಣೆಯದೋ? ಆಮೇಲೆ ತುದಿಯನ್ನು ನಿಮ್ಮ ಕಡೆ ತಿರುಗಿಸಿ, ಪಿಂಗಾಣಿಯ ಮೂತಿಗೂ ಲೋಹದ ಮೈಗೂ ನಡುವಿನ ಉಂಗುರದಂಥ ಸಂದಿಗೆ ಟಾರ್ಚ್ ಬಿಡಿ. ನಿಜವಾದ ಸಂಗತಿ ಇರುವುದು ಆ ಸಂದಿಯ ಆಳದಲ್ಲಿ. ತುದಿ ನೋಡಲು ತಕ್ಕಮಟ್ಟಿಗೆ ಚೊಕ್ಕಟವಾಗಿದ್ದು ಒಳಗೆ ಮಸಿ ಗಟ್ಟಿಯಾಗಿ ತುಂಬಿರುವ ಪ್ಲಗ್‌ಗಳು ಬೇಕಾದಷ್ಟಿವೆ. ಒರೆಸಿ ಹಾಕಿದ ಪ್ಲಗ್ ಮತ್ತೆ ಮತ್ತೆ ಕೈಕೊಡುವುದಕ್ಕೆ ಅರ್ಧ ಕಾರಣ ಇದೇ: ಬಟ್ಟೆ ಅಲ್ಲಿಗೆ ಇಳಿಯುವುದೇ ಇಲ್ಲ.

ಕೊನೆಗೆ ಕಾಗದದ ಮೇಲೆ ತುದಿಯನ್ನು ಮೆಲ್ಲಗೆ ತಟ್ಟಿ. ಒಣಪುಡಿ ಉದುರಿತೋ, ಒದ್ದೆ ಕಲೆಯಾಯಿತೋ, ಏನೂ ಬೀಳಲಿಲ್ಲವೋ ನೋಡಿ. ಒದ್ದೆ ಕಲೆಯಾದರೆ ಹತ್ತು ನಿಮಿಷ ಬಿಡಿ. ಪೆಟ್ರೋಲಿನ ಕಲೆ ಆರಿ ಮಾಯವಾಗುತ್ತದೆ, ಎಣ್ಣೆಯ ಕಲೆ ಕಾಗದದಲ್ಲಿ ಹರಡಿ ಉಳಿಯುತ್ತದೆ. ಟು-ಸ್ಟ್ರೋಕ್ ಎಂಜಿನ್ನಿನಲ್ಲಿ ಪೆಟ್ರೋಲಿನೊಳಗೇ ಎಣ್ಣೆ ಇರುವುದರಿಂದ ಸ್ವಲ್ಪ ಜಿಡ್ಡು ಉಳಿದೇ ಉಳಿಯುತ್ತದೆ, ಅದಕ್ಕೆ ಗಾಬರಿ ಬೇಡ.

ಆರೋಗ್ಯವಾದ ಪ್ಲಗ್ಗಿನ ಮೂತಿ ತಿಳಿಕಂದು ಅಥವಾ ಬೂದು ಬಣ್ಣದಲ್ಲಿರುತ್ತದೆ. ಸೀಸವಿಲ್ಲದ ಪೆಟ್ರೋಲಿನಲ್ಲಿ ಕೆಲವೊಮ್ಮೆ ಬಣ್ಣವೇ ಸರಿಯಾಗಿ ಕೂರುವುದಿಲ್ಲ, ಹೊಸದರಂತೆ ಬೆಳ್ಳಗೇ ಇರುತ್ತದೆ. ಬೆಳ್ಳಗಿದ್ದರೂ ಮೈ ನುಣುಪಾಗಿದ್ದರೆ ಹೆದರಬೇಕಿಲ್ಲ.

ಒಣಗಿದ ಕರಿ ಮಸಿ

ಸಣ್ಣ ಎಂಜಿನ್‌ಗಳಲ್ಲಿ ತೀರಾ ಸಾಮಾನ್ಯವಾದದ್ದು ಇದು. ಮೂತಿಯೂ ಎಲೆಕ್ಟ್ರೋಡ್‌ಗಳೂ ಹೊಳಪಿಲ್ಲದ ಮೆತ್ತನೆಯ ಕಪ್ಪು ಪುಡಿಯಿಂದ ಮುಚ್ಚಿರುತ್ತವೆ, ಬೆರಳು ತಾಗಿಸಿದರೆ ಕಾಡಿಗೆಯಂತೆ ಅಂಟುತ್ತದೆ. ಅರ್ಥ ಎರಡರಲ್ಲೊಂದು: ಗಾಳಿಗೆ ಹೋಲಿಸಿದರೆ ಪೆಟ್ರೋಲ್ ಹೆಚ್ಚಾಗಿದೆ, ಇಲ್ಲವೇ ಮೂತಿ ಬಿಸಿಯೇ ಏರುತ್ತಿಲ್ಲ.

ಮೊದಲು ಏರ್ ಫಿಲ್ಟರ್ ತೆಗೆಯಿರಿ. ಹತ್ತರಲ್ಲಿ ಎಷ್ಟೋ ಸಲ ಕಥೆ ಅಲ್ಲಿಗೇ ಮುಗಿಯುತ್ತದೆ. ಧೂಳು ತುಂಬಿದ ಕಾಗದದ ಫಿಲ್ಟರನ್ನು ಬೆಳಕಿಗೆ ಹಿಡಿದಾಗ ಬೆಳಕು ತೂರದಿದ್ದರೆ ಗಾಳಿಯೂ ತೂರುವುದಿಲ್ಲ. ಸ್ಪಂಜಿನ ಫಿಲ್ಟರ್‌ಗೆ ಎಣ್ಣೆ ಹಾಕಿ ಹಿಂಡದೇ ಬಿಟ್ಟರೂ ಇದೇ ಫಲ. ಎರಡನೆಯದು ಚೋಕ್. ಅದರ ಸನ್ನೆ (ಲಿವರ್) ಪೂರ್ತಿ ಸರಿದಿದ್ದರೂ ಒಳಗಿನ ತಟ್ಟೆ ಪೂರ್ತಿ ತೆರೆದಿರಬೇಕೆಂದಿಲ್ಲ. ಫಿಲ್ಟರ್ ತೆಗೆದಾಗ, ಗಾಳಿಗೆ ಪೆಟ್ರೋಲ್ ಬೆರೆಸುವ ಕಾರ್ಬ್ಯುರೇಟರಿನ ಬಾಯಲ್ಲಿ ಆ ತಟ್ಟೆ ನೇರವಾಗಿ ಕಾಣಿಸುತ್ತದೆ, ಸನ್ನೆ ಆಡಿಸಿ ನೋಡಿ.

ಇವೆರಡೂ ಸರಿಯಿದ್ದರೆ ಕಾರ್ಬ್ಯುರೇಟರ್ ಕಡೆಗೆ ಹೋಗಿ. ಫ್ಲೋಟ್ ಇರುವ ಕಾರ್ಬ್ಯುರೇಟರಿನಲ್ಲಿ ಸೂಜಿಯಂಥ ವಾಲ್ವ್ ಸರಿಯಾಗಿ ಕೂರದಿದ್ದರೆ ಪೆಟ್ರೋಲ್ ನಿಲ್ಲದೆ ಇಳಿಯುತ್ತದೆ. ಅದಕ್ಕೊಂದು ಖಚಿತ ಗುರುತಿದೆ: ಫೋರ್-ಸ್ಟ್ರೋಕ್ ಎಂಜಿನ್ನಿನ ಆಯಿಲ್ ಮಟ್ಟ ತಾನಾಗಿ ಏರಿರುತ್ತದೆ, ಡಿಪ್‌ಸ್ಟಿಕ್ ಮೂಸಿದರೆ ಪೆಟ್ರೋಲ್ ವಾಸನೆ ಹೊಡೆಯುತ್ತದೆ. ಹಾಗಿದ್ದರೆ ಆಯಿಲ್ ಬದಲಿಸದೆ ಎಂಜಿನ್ ಓಡಿಸಬೇಡಿ, ತೆಳುವಾದ ಆಯಿಲ್ ಬೇರಿಂಗನ್ನು ತಿಂದುಹಾಕುತ್ತದೆ. ಚೈನ್ ಸಾ, ಬ್ರಷ್ ಕಟರ್‌ಗಳ ಡಯಾಫ್ರಂ ಕಾರ್ಬ್ಯುರೇಟರಿನಲ್ಲಿ ಎಲ್, ಎಚ್ ಎಂಬ ಎರಡು ಸ್ಕ್ರೂಗಳಿರುತ್ತವೆ. ಎಲ್ ನಿಧಾನದ ಓಟಕ್ಕೆ, ಎಚ್ ಪೂರ್ಣ ವೇಗಕ್ಕೆ. ಯಾರೋ ಅವನ್ನು ಅಗತ್ಯಕ್ಕಿಂತ ಹೆಚ್ಚು ಬಿಚ್ಚಿಟ್ಟಿದ್ದರೆ ಮಸಿ ತಪ್ಪಿದ್ದಲ್ಲ.

ಟು-ಸ್ಟ್ರೋಕ್ ಎಂಜಿನ್ನಿನಲ್ಲಿ ಇನ್ನೊಂದು ಜಾಗವನ್ನು ಹೆಚ್ಚಿನವರು ನೋಡುವುದೇ ಇಲ್ಲ. ಅದು ಸೈಲೆನ್ಸರ್. ಅದರ ಬಾಯಿಯ ಕಿಡಿತಡೆ ಜಾಲರಿ ಮತ್ತು ಸಿಲಿಂಡರಿನ ಹೊಗೆ ಕಿಂಡಿ ಇಂಗಾಲದಿಂದ ಕಟ್ಟಿಕೊಂಡರೆ ಸುಟ್ಟ ಹೊಗೆ ಹೊರಹೋಗುವುದಿಲ್ಲ, ಹೊಸ ಗಾಳಿ ಒಳಬರುವುದಿಲ್ಲ. ಎಂಜಿನ್ ಹೊತ್ತಿಕೊಳ್ಳುತ್ತದೆ, ವೇಗ ಮಾತ್ರ ಏರುವುದಿಲ್ಲ, ಪ್ಲಗ್ ಕಪ್ಪಾಗುತ್ತದೆ. ಕಾರ್ಬ್ಯುರೇಟರ್ ಬಿಚ್ಚಿ ಅರ್ಧ ದಿನ ಕಳೆಯುವ ಮೊದಲು ಆ ಜಾಲರಿಯನ್ನು ಬಿಚ್ಚಿ ನೋಡುವುದು ಜಾಣತನ.

ಎಲ್ಲವೂ ಸರಿಯಿದ್ದು ಮಸಿ ಮಾತ್ರ ಕೂರುತ್ತಿದೆಯೇ? ಯಂತ್ರವನ್ನು ಹೇಗೆ ಬಳಸುತ್ತಿದ್ದೀರಿ ಎಂದು ನೆನಪಿಸಿಕೊಳ್ಳಿ. ಬಿಸಿಯೇರಲು ಬಿಡದೆ ನಿಲ್ಲಿಸುವ ರೂಢಿಯೇ ಕಾರಣವಾಗಿರಬಹುದು.

ಪೆಟ್ರೋಲಿನಲ್ಲಿ ತೊಯ್ದ ಪ್ಲಗ್

ಪ್ಲಗ್ ಒದ್ದೆ, ವಾಸನೆ ಪೆಟ್ರೋಲಿನದು. ಎಂಜಿನ್ ಓವರ್‌ಫ್ಲೋ ಆಗಿದೆ. ಚೋಕ್ ಹಾಕಿಟ್ಟುಕೊಂಡೇ ಹಗ್ಗ ಎಳೆಯುತ್ತಾ ಹೋದರೆ ಹೀಗಾಗುತ್ತದೆ. ಪ್ಲಗ್ ಒಣಗಿಸಿ, ಸ್ವಿಚ್ ಆಫ್ ಮಾಡಿ, ಚೋಕ್ ತೆಗೆದು, ಥ್ರಾಟಲ್ ಪೂರ್ತಿ ತೆರೆದು, ಪ್ಲಗ್ ಇಲ್ಲದೆಯೇ ಹಗ್ಗವನ್ನು ಐದಾರು ಸಲ ಎಳೆಯಿರಿ. ಒಳಗಿನ ಪೆಟ್ರೋಲ್ ಮಂಜಿನಂತೆ ಹೊರಬರುತ್ತದೆ. ಮುಖ ದೂರವಿರಲಿ, ಕ್ಯಾಪ್ ಕೂಡ ದೂರವಿರಲಿ. ಇದಾದ ಮೇಲೂ ಎರಡೇ ಎಳೆತಕ್ಕೆ ಮತ್ತೆ ತೊಯ್ದುಹೋದರೆ ಎರಡು ಸಾಧ್ಯತೆಗಳಿವೆ. ಕಾರ್ಬ್ಯುರೇಟರ್ ಪೆಟ್ರೋಲ್ ಸುರಿಯುತ್ತಿದೆ, ಇಲ್ಲವೇ ಕಿಡಿಯೇ ಬರುತ್ತಿಲ್ಲ. ಕಿಡಿ ಇಲ್ಲದ ಪ್ಲಗ್ ತೊಯ್ಯುವುದು ಸಹಜ, ಬಂದ ಪೆಟ್ರೋಲ್ ಉರಿಯಬೇಕಲ್ಲ.

ಎಣ್ಣೆಯಲ್ಲಿ ಮಿಂದ ಪ್ಲಗ್

ಕಪ್ಪಾಗಿ, ಹೊಳೆಯುತ್ತಾ, ಅಂಟಾಗಿದ್ದರೆ ಎಣ್ಣೆ. ಟು-ಸ್ಟ್ರೋಕ್ ಆದರೆ ಮೊದಲು ಮಿಶ್ರಣದ ಲೆಕ್ಕ ನೋಡಿ. 50:1 ಎಂದರೆ ಲೀಟರ್ ಪೆಟ್ರೋಲಿಗೆ 20 ಮಿಲಿಲೀಟರ್ ಆಯಿಲ್, 40:1 ಎಂದರೆ 25, 25:1 ಎಂದರೆ 40. ಯಂತ್ರದ ಕೈಪಿಡಿ 50:1 ಎಂದಿದ್ದರೂ ‘ಸ್ವಲ್ಪ ಹೆಚ್ಚಿರಲಿ, ಎಂಜಿನ್ನಿಗೆ ಒಳ್ಳೆಯದು’ ಎಂದು ಅಂದಾಜಿಗೆ ಸುರಿಯುವವರಿದ್ದಾರೆ. ಹೆಚ್ಚಿನ ಎಣ್ಣೆ ಪ್ಲಗ್ಗಿಗೂ ಸೈಲೆನ್ಸರಿಗೂ ಕೊಳೆಯಾಗಿ ಸೇರುತ್ತದೆ. ಕಡಿಮೆ ಹಾಕುವುದು ಇನ್ನೂ ಕೆಟ್ಟದ್ದು, ಪಿಸ್ಟನ್ ಕಚ್ಚಿಕೊಳ್ಳುತ್ತದೆ. ಅಳತೆಯ ಲೋಟ ಇಟ್ಟುಕೊಳ್ಳಿ.

ಫೋರ್-ಸ್ಟ್ರೋಕ್ ಎಂಜಿನ್ನಿನಲ್ಲಿ ಪ್ಲಗ್ ತನಕ ಎಣ್ಣೆ ಬರಬಾರದು. ಬಂದಿದ್ದರೆ ಮೊದಲು ಸುಲಭದ ಕಾರಣಗಳು: ಆಯಿಲ್ ಗುರುತಿಗಿಂತ ಹೆಚ್ಚು ತುಂಬಿದೆ, ಅಥವಾ ಬ್ಲೇಡ್ ನೋಡಲು ಯಂತ್ರವನ್ನು ತಪ್ಪು ಮಗ್ಗುಲಿಗೆ ಮಲಗಿಸಿದ್ದೀರಿ. ಹುಲ್ಲು ಕತ್ತರಿಸುವ ಯಂತ್ರವನ್ನು ವಾಲಿಸುವಾಗ ಏರ್ ಫಿಲ್ಟರ್ ಇರುವ ಕಡೆ ಮೇಲಿರಬೇಕು. ಮಲಗಿಸಿದ ಮೇಲೆ ಹಗ್ಗ ಅಲ್ಲಾಡದಂತೆ ಬಿಗಿಯಾಗಿದ್ದರೆ ಸಿಲಿಂಡರಿನಲ್ಲಿ ಎಣ್ಣೆ ತುಂಬಿದೆ ಎಂದರ್ಥ. ದ್ರವವನ್ನು ಒತ್ತಿ ಕುಗ್ಗಿಸಲು ಆಗದು, ಬಲವಂತ ಮಾಡಿದರೆ ಒಳಗಿನ ಕನೆಕ್ಟಿಂಗ್ ರಾಡ್ ಬಾಗುತ್ತದೆ. ಪ್ಲಗ್ ತೆಗೆದು ಮೆಲ್ಲಗೆ ಎಳೆದು ಎಣ್ಣೆಯನ್ನು ಹೊರಹಾಕಿ.

ಇವೆರಡೂ ಅಲ್ಲದಿದ್ದರೆ ಎಂಜಿನ್ ಸವೆದಿದೆ. ಬಹಳ ಹೊತ್ತು ನಿಂತ ಎಂಜಿನ್ ಹೊತ್ತಿಕೊಂಡ ಗಳಿಗೆಯಲ್ಲಿ ಬುಸ್ಸೆಂದು ನೀಲಿ ಹೊಗೆ ಬಿಟ್ಟು ಆಮೇಲೆ ತಿಳಿಯಾದರೆ ವಾಲ್ವ್ ಗೈಡ್ ಮೇಲೆ ಅನುಮಾನ. ಹೊರೆ ಬಿದ್ದಾಗಲೆಲ್ಲ ನೀಲಿ ಹೊಗೆ ಬಂದರೆ ಪಿಸ್ಟನ್ ರಿಂಗ್ ಮೇಲೆ. ಉಸಿರುಗೊಳವೆ, ಅಂದರೆ ಬ್ರೀದರ್ ಕಟ್ಟಿಕೊಂಡರೂ ಎಣ್ಣೆ ಮೇಲೇರುತ್ತದೆ, ರಿಂಗ್ ಬದಲಿಸುವ ಮುನ್ನ ಅದನ್ನು ನೋಡಿಬಿಡಿ.

ಉಳಿದ ಚಹರೆಗಳು

ಟು-ಸ್ಟ್ರೋಕ್ ಪ್ಲಗ್‌ಗಳಲ್ಲಿ ಕೆಲವೊಮ್ಮೆ ಎರಡು ಎಲೆಕ್ಟ್ರೋಡ್‌ಗಳ ನಡುವೆ ಇಂಗಾಲದ ಒಂದು ಸಣ್ಣ ಎಳೆ ಸೇತುವೆ ಕಟ್ಟಿರುತ್ತದೆ. ಓಡುತ್ತಿದ್ದ ಎಂಜಿನ್ ಸ್ವಿಚ್ ಆಫ್ ಮಾಡಿದಂತೆ ಥಟ್ಟನೆ ನಿಲ್ಲಲು ಇದು ಕಾರಣ. ಆ ಚೂರು ಉಗುರಿನಲ್ಲಿ ಬಿಡುತ್ತದೆ. ಮೂತಿಯ ಮೇಲೆ ತಿಳಿಬಣ್ಣದ ಗಡಸು ಬೂದಿ ಹೆಪ್ಪುಗಟ್ಟಿದ್ದರೆ ಅದು ಆಯಿಲಿನಲ್ಲಿರುವ ರಾಸಾಯನಿಕಗಳು ಸುಟ್ಟು ಉಳಿದದ್ದು.

ಮೂತಿ ಸುಣ್ಣದಂತೆ ಬೆಳ್ಳಗಾಗಿ, ಮೈಮೇಲೆ ಗುಳ್ಳೆಗಳೆದ್ದಿದ್ದರೆ, ಎಲೆಕ್ಟ್ರೋಡ್ ಕರಗಿ ಸವೆದಿದ್ದರೆ ಅದು ಮಸಿಗೆ ತದ್ವಿರುದ್ಧ ರೋಗ, ಮಿತಿಮೀರಿದ ಬಿಸಿ. ಎಲ್ಲೋ ಹೆಚ್ಚುವರಿ ಗಾಳಿ ನುಸುಳುತ್ತಿದೆ, ಪೆಟ್ರೋಲ್ ಸಾಲುತ್ತಿಲ್ಲ, ತಂಪಿನ ರೆಕ್ಕೆಗಳಲ್ಲಿ ಹುಲ್ಲು ತುಂಬಿದೆ, ಅಥವಾ ಪ್ಲಗ್ಗೇ ತಪ್ಪು ನಂಬರಿನದು. ಪಿಂಗಾಣಿಯ ಮೇಲೆ ಬೆಳ್ಳಿಯ ಸಣ್ಣ ಚುಕ್ಕೆಗಳು ಹೊಳೆದರೆ ಅವು ಪಿಸ್ಟನ್ನಿನ ಅಲ್ಯೂಮಿನಿಯಂ. ಕಾರಣ ಸಿಗುವವರೆಗೆ ಆ ಎಂಜಿನನ್ನು ಮತ್ತೆ ಓಡಿಸಬೇಡಿ. ಮಸಿ ಹಿಡಿದ ಪ್ಲಗ್ ಕೆಲಸ ನಿಲ್ಲಿಸುತ್ತದೆ ಅಷ್ಟೇ, ಇದು ಎಂಜಿನ್ನನ್ನೇ ಮುಗಿಸುತ್ತದೆ.

ಹೊರಗಿನ ಬಿಳಿ ಪಿಂಗಾಣಿಯ ಬುಡದಲ್ಲಿ, ಲೋಹ ಆರಂಭವಾಗುವಲ್ಲಿ ಕಂದು ಬಣ್ಣದ ಬಳೆಯಂಥ ಕಲೆ ಕಂಡು ‘ಗ್ಯಾಸ್ ಲೀಕ್ ಆಗುತ್ತಿದೆ’ ಎಂದು ಪ್ಲಗ್ ಎಸೆಯುವವರೂ ಇದ್ದಾರೆ. ಹೆಚ್ಚು ವೋಲ್ಟೇಜಿನ ಸುತ್ತ ಎಣ್ಣೆಯ ಕಣಗಳು ಅಂಟಿ ಆಗುವ ಕಲೆ ಅದು, ನಿರುಪದ್ರವಿ. ಆದರೆ ಅದೇ ಪಿಂಗಾಣಿಯ ಮೇಲೆ ಮೇಲಿನಿಂದ ಕೆಳಗೆ ಇಳಿದ ತೆಳುವಾದ ಕಪ್ಪು ಗೆರೆ ಇದ್ದರೆ ಕಿಡಿ ಹೊರಗಿನಿಂದಲೇ ಹಾರುತ್ತಿದೆ. ಪ್ಲಗ್ ಜೊತೆಗೆ ಕ್ಯಾಪ್ ಕೂಡ ಬದಲಾಗಬೇಕು.

ಕಿಡಿಯ ಪರೀಕ್ಷೆ, ಅದರ ಮಿತಿ

ಎಲ್ಲರಿಗೂ ಗೊತ್ತಿರುವ ಪರೀಕ್ಷೆ: ಪ್ಲಗ್ಗನ್ನು ಕ್ಯಾಪಿಗೆ ಸಿಕ್ಕಿಸಿ, ಅದರ ಲೋಹದ ಮೈಯನ್ನು ಎಂಜಿನ್ನಿನ ಬಣ್ಣವಿಲ್ಲದ ಲೋಹಕ್ಕೆ ತಾಗಿಸಿ, ಹಗ್ಗ ಎಳೆದು ಕಿಡಿ ನೋಡುವುದು. ಮಾಡಿ, ಆದರೆ ಪ್ಲಗ್ ತೂತಿನಿಂದ ದೂರದಲ್ಲಿ. ತೂತಿನಿಂದ ಹೊಮ್ಮುವ ಪೆಟ್ರೋಲ್ ಆವಿಗೆ ಆ ಕಿಡಿ ತಾಗಿದರೆ ಬೆಂಕಿ ಭುಗಿಲೇಳುತ್ತದೆ. ಮೊದಲು ಒಳಗಿನ ಆವಿ ಹೊರಹೋಗಿರಲಿ, ಸುತ್ತ ಚೆಲ್ಲಿದ ಪೆಟ್ರೋಲ್ ಒರೆಸಿರಲಿ. ಪ್ಲಗ್ಗನ್ನು ಬರಿಗೈಯಲ್ಲಿ ಹಿಡಿಯದೆ ರಬ್ಬರ್ ಹಿಡಿಯ ಇಕ್ಕಳ ಬಳಸಿ. ಸ್ವಿಚ್ ಆನ್ ಇರುವಾಗ ಪ್ಲಗ್ಗನ್ನು ಲೋಹಕ್ಕೆ ತಾಗಿಸದೆ ಹಗ್ಗ ಎಳೆಯಬೇಡಿ, ಹೊರದಾರಿ ಸಿಗದ ವೋಲ್ಟೇಜ್ ಕಾಯಿಲ್‌ನೊಳಗೇ ದಾರಿ ಕೊರೆದು ಅದನ್ನು ಹಾಳು ಮಾಡಬಹುದು.

ಕಿಡಿ ಬರದಿದ್ದರೆ ಅದು ಸ್ಪಷ್ಟ ಉತ್ತರ. ಬಂದರೆ ಮಾತ್ರ ಅದನ್ನು ಪೂರ್ತಿ ನಂಬಬೇಡಿ. ಹೊರಗಿನ ಗಾಳಿಯಲ್ಲಿ ಕಿಡಿ ನೆಗೆಯುವುದು ಸುಲಭ. ಸಿಲಿಂಡರಿನೊಳಗೆ ಪಿಸ್ಟನ್ ಒತ್ತಿದ ದಟ್ಟ ಗಾಳಿಯಲ್ಲಿ ಅದೇ ಅಂತರವನ್ನು ದಾಟಲು ಎಷ್ಟೋ ಪಟ್ಟು ಹೆಚ್ಚು ವೋಲ್ಟೇಜ್ ಬೇಕು. ಅರ್ಧ ಮಸಿ ಹಿಡಿದ ಪ್ಲಗ್ ಹೊರಗೆ ನೀಲಿ ಕಿಡಿ ತೋರಿಸಿ, ಒಳಗೆ ಹೋದ ಮೇಲೆ ಮಸಿಯ ದಾರಿಯಲ್ಲೇ ಎಲ್ಲವನ್ನೂ ಸೋರಿಸಿಬಿಡುತ್ತದೆ. ‘ಕಿಡಿ ಚೆನ್ನಾಗಿದೆ, ಪ್ಲಗ್ಗಿನದೇನೂ ತೊಂದರೆಯಿಲ್ಲ’ ಎಂಬ ತೀರ್ಪು ದಾರಿ ತಪ್ಪಿಸುವುದು ಹೀಗೆ. ಅಂತರ ಹೊಂದಿಸಬಹುದಾದ ಸ್ಪಾರ್ಕ್ ಟೆಸ್ಟರ್ ಇದ್ದರೆ ಹೆಚ್ಚು ನಂಬಬಹುದು, ಆದರೆ ಅದು ಅಳೆಯುವುದು ಕಾಯಿಲ್‌ನ ಬಲವನ್ನು, ಪ್ಲಗ್ಗಿನದನ್ನಲ್ಲ.

ಮಲ್ಟಿಮೀಟರ್ ಇದ್ದರೆ ಓಮ್ ಅಳತೆಯ ಅತಿ ಹೆಚ್ಚಿನ ಹಂತಕ್ಕೆ ಇಟ್ಟು, ಒಂದು ಕಡ್ಡಿಯನ್ನು ಪ್ಲಗ್ಗಿನ ಮೇಲ್ತುದಿಗೆ, ಇನ್ನೊಂದನ್ನು ಲೋಹದ ಮೈಗೆ ತಾಗಿಸಿ. ಒಳ್ಳೆಯ ಪ್ಲಗ್ಗಿನಲ್ಲಿ ಮೀಟರ್ ಏನನ್ನೂ ತೋರಿಸಬಾರದು, ಅಲ್ಲಿ ದಾರಿಯೇ ಇರಬಾರದು. ಕಿಲೋ ಓಮ್‌ಗಳಲ್ಲೋ ಕೆಲವು ಮೆಗಾ ಓಮ್‌ಗಳಲ್ಲೋ ಅಂಕಿ ಬಂದರೆ ಮಸಿಯ ಮೂಲಕ ಸೋರಿಕೆ ಇದೆ, ಬೇರೆ ಸಾಕ್ಷಿ ಬೇಕಿಲ್ಲ. ಅಂಕಿ ಬರಲಿಲ್ಲ ಎಂದ ಮಾತ್ರಕ್ಕೆ ಪ್ಲಗ್ ನಿರ್ದೋಷಿ ಎನ್ನಲೂ ಆಗದು. ಮೀಟರ್ ಕೊಡುವುದು ಕೆಲವೇ ವೋಲ್ಟ್, ಪಿಂಗಾಣಿಯ ಬಿರುಕು ಬಾಯಿ ಬಿಡುವುದು ಸಾವಿರಾರು ವೋಲ್ಟಿಗೆ. ಇನ್ನು ಮೇಲ್ತುದಿಯಿಂದ ನಡುವಿನ ಎಲೆಕ್ಟ್ರೋಡ್‌ಗೆ ಅಳೆದರೆ, ರೆಸಿಸ್ಟರ್ ಇರುವ ಪ್ಲಗ್ಗಿನಲ್ಲಿ ಸುಮಾರು 5 ಕಿಲೋ ಓಮ್ ಬರುತ್ತದೆ, ಇಲ್ಲದ್ದರಲ್ಲಿ ಸೊನ್ನೆಯ ಹತ್ತಿರ. ರೆಸಿಸ್ಟರ್ ಪ್ಲಗ್ಗಿನಲ್ಲಿ ಏನೂ ಬರದಿದ್ದರೆ ಒಳಗೆ ಕಡಿದುಹೋಗಿದೆ.

ಇಷ್ಟೆಲ್ಲ ಸರ್ಕಸ್ ಬೇಡವೆನ್ನುವವರಿಗೆ ಹೊಸ ಪ್ಲಗ್ ಹಾಕಿ ನೋಡುವುದೇ ನೇರ ದಾರಿ, ನನ್ನ ಮತವೂ ಅದೇ. ಎಂಜಿನ್ ಚೆನ್ನಾಗಿ ಓಡಿದರೆ ಹಳೆಯ ಪ್ಲಗ್ ಕೆಟ್ಟಿತ್ತು, ಏಕೆ ಕೆಟ್ಟಿತೆಂದು ಮೇಲಿನ ಚಹರೆಗಳಿಂದ ಹುಡುಕಿ. ಹೊಸ ಪ್ಲಗ್ಗಿನಲ್ಲೂ ಕಿಡಿಯಿಲ್ಲದಿದ್ದರೆ ಆಫ್ ಸ್ವಿಚ್ಚಿನ ವೈರನ್ನು ಕಾಯಿಲ್ ಬಳಿ ಬಿಡಿಸಿ ಮತ್ತೆ ನೋಡಿ. ಆ ವೈರ್ ಎಲ್ಲೋ ಸವೆದು ಲೋಹಕ್ಕೆ ತಾಗಿದ್ದರೆ ಎಂಜಿನ್ ಸದಾ ಆಫ್ ಆಗಿಯೇ ಇರುತ್ತದೆ. ವೈರ್ ಬಿಡಿಸಿದ ಸ್ಥಿತಿಯಲ್ಲಿ ಹೊತ್ತಿಕೊಂಡ ಎಂಜಿನ್ ಸ್ವಿಚ್ಚಿಗೆ ನಿಲ್ಲುವುದಿಲ್ಲ ಎಂಬುದು ನೆನಪಿರಲಿ, ಕಿಡಿ ನೋಡಿದ ಮೇಲೆ ವೈರ್ ಮತ್ತೆ ಸೇರಿಸಿ. ಅದೂ ಅಲ್ಲದಿದ್ದರೆ ಫ್ಲೈವೀಲ್ ಆಯಸ್ಕಾಂತಕ್ಕೂ ಕಾಯಿಲ್‌ಗೂ ನಡುವಿನ ಅಂತರ, ಆಮೇಲೆ ಕಾಯಿಲ್.

ಹೊಸ ಪ್ಲಗ್ಗಿನಿಂದ ಮಿಶ್ರಣದ ಗುಣವನ್ನೂ ಓದಬಹುದು. ಯಂತ್ರವನ್ನು ಬಿಸಿಯೇರಿಸಿ, ಪೂರ್ಣ ಥ್ರಾಟಲ್‌ನಲ್ಲಿ ನಿಜವಾದ ಕೆಲಸಕ್ಕೆ ಹಚ್ಚಿ ಕೆಲವು ನಿಮಿಷ ಓಡಿಸಿ, ಆ ವೇಗದಲ್ಲಿರುವಾಗಲೇ ಸ್ವಿಚ್ ಆಫ್ ಮಾಡಿ. ಆಗ ಬಿಚ್ಚಿದ ಪ್ಲಗ್ ಹೇಳುವುದು ದುಡಿಮೆಯ ಹೊತ್ತಿನ ಕಥೆ. ನಿಧಾನಕ್ಕಿಳಿಸಿ ಐಡ್ಲಿಂಗಿನಲ್ಲಿ ಬಿಟ್ಟು ನಿಲ್ಲಿಸಿದರೆ ಐಡ್ಲಿಂಗಿನ ಮಸಿ ಅದನ್ನು ಮುಚ್ಚಿಹಾಕುತ್ತದೆ. ತಣ್ಣಗಾಗುವವರೆಗೆ ಕಾಯುವ ತಾಳ್ಮೆ ಬೇಕು, ಅಷ್ಟೇ.

ಸ್ವಚ್ಛ ಮಾಡುವುದೋ ಬದಲಿಸುವುದೋ

ಬದಲಿಸುವುದೇ ಮೇಲು. ಹೊಸದು ಕೈಯಲ್ಲಿಲ್ಲ, ಕೆಲಸ ನಿಲ್ಲಬಾರದು ಎಂದಾಗ ಮಾತ್ರ ಸ್ವಚ್ಛ ಮಾಡಿ. ಕಾರ್ಬ್ಯುರೇಟರ್ ಕ್ಲೀನರ್ ಸಿಂಪಡಿಸಿ, ಹಳೆಯ ಹಲ್ಲುಜ್ಜುವ ಬ್ರಷ್‌ನಿಂದ ಉಜ್ಜಿ, ಉಂಗುರದ ಸಂದಿಯೊಳಗಿನ ಮಸಿಯನ್ನು ತೆಳುವಾದ ಮರದ ಕಡ್ಡಿಯಿಂದ ಕೆರೆದು, ಪೂರ್ತಿ ಒಣಗಲು ಬಿಡಿ. ಉಕ್ಕಿನ ತಂತಿಯ ಬ್ರಷ್ ಬೇಡ. ಅದು ಪಿಂಗಾಣಿಯ ಮೇಲೆ ಲೋಹದ ಸಣ್ಣ ಗೀಟುಗಳನ್ನು ಬಿಟ್ಟುಹೋಗುತ್ತದೆ, ಮಸಿ ಹೋಗಿ ಆ ಜಾಗಕ್ಕೆ ಲೋಹ ಬಂದಂತಾಗುತ್ತದೆ. ಮರಳು ಚಿಮ್ಮಿಸುವ ಯಂತ್ರವೂ ಬೇಡ, ಸಂದಿಯಲ್ಲಿ ಉಳಿದ ಒಂದೆರಡು ಕಣಗಳು ಸಿಲಿಂಡರಿನ ಗೋಡೆಯನ್ನು ಗೀರುತ್ತವೆ. ಬೆಂಕಿಯಲ್ಲಿ ಕಾಯಿಸುವುದು ಹಳೆಯ ರೂಢಿ. ತೊಯ್ದ ಪೆಟ್ರೋಲ್ ಆರುತ್ತದೆ ನಿಜ, ಆದರೆ ಆಳದ ಇಂಗಾಲ ಹೋಗುವುದಿಲ್ಲ, ಒಮ್ಮೆಲೇ ಕಾದ ಪಿಂಗಾಣಿ ಬಿರುಕು ಬಿಡುವ ಅಪಾಯವೂ ಇದೆ. ಎಲೆಕ್ಟ್ರೋಡಿನ ಅಂಚು ದುಂಡಗಾಗಿದ್ದರೆ ಸಣ್ಣ ಅರದಿಂದ ಚೂಪಾಗಿಸಬಹುದು, ಚೂಪಾದ ಅಂಚಿನಿಂದ ಕಿಡಿ ಸುಲಭವಾಗಿ ನೆಗೆಯುತ್ತದೆ. ತುದಿಯಲ್ಲಿ ಇರಿಡಿಯಂ ಅಥವಾ ಪ್ಲಾಟಿನಂ ಇರುವ ಪ್ಲಗ್‌ಗಳಿಗೆ ಮಾತ್ರ ಅರ ತಾಗಿಸಬೇಡಿ.

ಹೊಸದನ್ನು ತರುವಾಗ ನಂಬರ್ ನೋಡಿ, ‘ಇದೂ ಅದೇ ಸೈಜು’ ಎಂಬ ಮಾತಿಗೆ ಒಪ್ಪಬೇಡಿ. ಉದಾಹರಣೆಗೆ ಎನ್‌ಜಿಕೆಯ ಬಿಪಿಆರ್6ಇಎಸ್ ಎಂಬುದರಲ್ಲಿ ಬಿ ಎಂದರೆ 14 ಮಿಲಿಮೀಟರ್ ಥ್ರೆಡ್, ಪಿ ಎಂದರೆ ಮುಂಚಾಚಿದ ಮೂತಿ, ಆರ್ ಎಂದರೆ ರೆಸಿಸ್ಟರ್, 6 ಎಂಬುದು ಶಾಖದ ದರ್ಜೆ, ಇ ಎಂದರೆ 19 ಮಿಲಿಮೀಟರ್ ಉದ್ದದ ಥ್ರೆಡ್. ಶಾಖದ ಅಂಕಿಯಲ್ಲಿ ಒಂದು ಗೊಂದಲವಿದೆ. ಎನ್‌ಜಿಕೆಯಲ್ಲಿ ಅಂಕಿ ಏರಿದಂತೆ ಪ್ಲಗ್ ತಣ್ಣನೆಯದಾಗುತ್ತದೆ, ಅಂದರೆ ಅದರ ಮೂತಿ ಕಡಿಮೆ ಕಾಯುತ್ತದೆ; ಬಾಷ್ ಮತ್ತು ಚಾಂಪಿಯನ್‌ನಲ್ಲಿ ಅಂಕಿ ಏರಿದಂತೆ ಬಿಸಿಯದಾಗುತ್ತದೆ. ಒಂದು ಕಂಪನಿಯ ಅಂಕಿ ಹಿಡಿದು ಇನ್ನೊಂದರದನ್ನು ಆರಿಸಿದರೆ ಕಥೆ ಕೆಡುತ್ತದೆ, ಹೋಲಿಕೆ ಪಟ್ಟಿ ನೋಡಿ. ಮಸಿ ಕೂರುತ್ತಿದೆಯೆಂದು ಒಂದು ದರ್ಜೆ ಬಿಸಿಯ ಪ್ಲಗ್ ಹಾಕುವ ಸಲಹೆ ಆಗಾಗ ಕೇಳಿಬರುತ್ತದೆ. ಮಸಿ ಕಾಣದಾಗಬಹುದು, ಪೆಟ್ರೋಲ್ ಹೆಚ್ಚಾಗುತ್ತಿರುವ ಕಾರಣ ಹಾಗೆಯೇ ಉಳಿಯುತ್ತದೆ. ಯಂತ್ರಕ್ಕೆ ಕೈಪಿಡಿ ಹೇಳಿದ ದರ್ಜೆಯೇ ಇರಲಿ. ಥ್ರೆಡ್ ಉದ್ದವಂತೂ ತಪ್ಪಲೇಬಾರದು, ಉದ್ದ ಹೆಚ್ಚಾದರೆ ಪಿಸ್ಟನ್ ಬಡಿಯಬಹುದು.

ಹಾಕುವುದು

ಎರಡು ಎಲೆಕ್ಟ್ರೋಡ್‌ಗಳ ನಡುವಿನ ಅಂತರವನ್ನು ಫೀಲರ್ ಗೇಜ್‌ನಿಂದ ಅಳೆಯಿರಿ. ಹೊಸ ಪ್ಲಗ್ ಆದರೂ ಅಳೆಯಿರಿ, ಸಾಗಣೆಯಲ್ಲಿ ಬಿದ್ದಿರಬಹುದು. ಸಣ್ಣ ಎಂಜಿನ್‌ಗಳಲ್ಲಿ ಸಾಮಾನ್ಯವಾಗಿ 0.6ರಿಂದ 0.8 ಮಿಲಿಮೀಟರ್, ಹಲವು ಚೈನ್ ಸಾಗಳಲ್ಲಿ 0.5. ನಿಮ್ಮ ಯಂತ್ರದ ಕೈಪಿಡಿಯ ಅಳತೆಯೇ ಅಂತಿಮ. ಗೇಜಿನ ಎಲೆ ತುಸು ತಡೆಯುತ್ತಾ ಜಾರಬೇಕು. ಹೊಂದಿಸುವಾಗ ಪಕ್ಕದ ಎಲೆಕ್ಟ್ರೋಡನ್ನು ಮಾತ್ರ ಬಾಗಿಸಿ, ನಡುವಿನದಕ್ಕೆ ಆನಿಸಿ ಮೀಟಿದರೆ ಪಿಂಗಾಣಿ ಒಡೆಯುತ್ತದೆ.

ಪ್ಲಗ್ಗನ್ನು ಬೆರಳಿನಿಂದಲೇ ಕೊನೆಯವರೆಗೆ ತಿರುಗಿಸಿ. ಮೊದಲ ಸುತ್ತಿನಲ್ಲೇ ಬಿಗಿಯಾದರೆ ಥ್ರೆಡ್ ಅಡ್ಡ ಹತ್ತಿದೆ, ಹಿಂದಕ್ಕೆ ತಿರುಗಿಸಿ ಮತ್ತೆ ಹಾಕಿ. ಬುಡ ಕೂತ ಮೇಲೆ ಸ್ಪ್ಯಾನರ್ ಹಾಕಿ. ವಾಷರ್ ಇರುವ ಹೊಸ 14 ಮಿಲಿಮೀಟರ್ ಪ್ಲಗ್ಗಿಗೆ ಅರ್ಧದಿಂದ ಮೂರನೇ ಎರಡು ಸುತ್ತು, ವಾಷರ್ ಒಮ್ಮೆ ಚಪ್ಪಟೆಯಾದ ಹಳೆಯ ಪ್ಲಗ್ಗಿಗೆ ಹನ್ನೆರಡನೇ ಒಂದರಿಂದ ಎಂಟನೇ ಒಂದು ಸುತ್ತು, ವಾಷರ್ ಇಲ್ಲದ ಓರೆ ಬುಡದ ಪ್ಲಗ್ಗಿಗೆ ಹದಿನಾರನೇ ಒಂದು ಸುತ್ತು. ಸಡಿಲ ಬಿಟ್ಟರೆ ಪ್ಲಗ್ಗಿನ ಶಾಖ ಹೆಡ್ಡಿಗೆ ಹರಿಯದೆ ಮೂತಿ ಅತಿಯಾಗಿ ಕಾಯುತ್ತದೆ, ಅತಿಯಾಗಿ ಬಿಗಿದರೆ ಥ್ರೆಡ್ ಹೋಗುತ್ತದೆ. ಕ್ಯಾಪ್ ಒತ್ತಿದಾಗ ಟಕ್ಕೆಂದು ಕೂರಬೇಕು.

ನಾಲ್ಕೈದು ಗಂಟೆಯ ಕೆಲಸ ಮುಗಿದ ಮೇಲೆ ಪ್ಲಗ್ ಇನ್ನೊಮ್ಮೆ ಬಿಚ್ಚಿ ನೋಡಿ. ಹಳೆಯ ಪ್ಲಗ್ಗನ್ನು ಒರೆಸದೆ ಕಾಗದದಲ್ಲಿ ಸುತ್ತಿ, ತಾರೀಖು ಬರೆದಿಟ್ಟಿದ್ದರೆ ಪಕ್ಕದಲ್ಲಿಟ್ಟು ಹೋಲಿಸಬಹುದು. ಕಂದು ತಿರುಗುತ್ತಿದ್ದರೆ ಸರಿಯಾಯಿತು. ಒಣ ಮಸಿ ಮತ್ತೆ ಕೂತಿದ್ದರೆ ಫಿಲ್ಟರ್, ಚೋಕ್, ಕಾರ್ಬ್ಯುರೇಟರ್ ಪೈಕಿ ಏನೋ ಉಳಿದಿದೆ. ಫೋರ್-ಸ್ಟ್ರೋಕ್ ಎಂಜಿನ್ನಿನಲ್ಲಿ ಮತ್ತೆ ಎಣ್ಣೆ ಕಂಡರೆ ಮೂರನೆಯ ಪ್ಲಗ್ ಕೊಳ್ಳುವ ಬದಲು ಕಂಪ್ರೆಷನ್, ಅಂದರೆ ಸಿಲಿಂಡರಿನೊಳಗೆ ಪಿಸ್ಟನ್ ಉಂಟುಮಾಡುವ ಒತ್ತಡವನ್ನು ಅಳೆಸಿ.